ಶಾರ್ಟ್‌ಸ್ಟಾಪ್ ಹುಡುಗನನ್ನು ಒಂದು ಮೆಟ್ಟಿಲು ಕೆಳಗಿಳಿಸಿದೆ

ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್ ಅನ್ನುವ, ತಂಡದ ಮ್ಯಾನೇಜರ್ ಆಗಿ ಆಡುವ ಕಂಪ್ಯೂಟರ್ ಗೇಮಿನಲ್ಲಿ ನಾನು ನಡೆಸುವ ತಂಡಕ್ಕೆ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವಾಗ) 18 ವರ್ಷದ ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಒಬ್ಬ ಸಿಕ್ಕಿದ್ದ. 20ರಿಂದ 80ರ ಅಳತೆಯಲ್ಲಿ ನಮ್ಮ ಸ್ಕೌಟ್ ಅವನ ಪೊಟೆನ್ಷಿಯಲ್‌ಗೆ 65 ಕೊಟ್ಟಿದ್ದ. 50 ಅಂದರೆ ಮೇಜರ್ ಲೀಗಿನ ಸಾಧಾರಣ ಆಟಗಾರ. 65 ನೋಡಿ ಆಸೆಗೆ ಬಿದ್ದೆ. ಮೇಜರ್ ಲೀಗಿಗಿಂತ ಎರಡು ಮೆಟ್ಟಿಲು ಕೆಳಗಿನ ಡಬಲ್ ಎಯಲ್ಲಿ ಆರೇ ವಾರ ಆಡಿಸಿ, ಇಪ್ಪತ್ತು ತುಂಬುತ್ತಲೇ ಒಂದೇ ಮೆಟ್ಟಿಲು ಕೆಳಗಿನ ಟ್ರಿಪಲ್ ಎಗೆ ಏರಿಸಿಬಿಟ್ಟೆ.

ಮೂರು ತಿಂಗಳಿಗೆ ಬ್ಯಾಟಿಂಗ್ ಸರಾಸರಿ .200, ಅಂದರೆ ಹತ್ತು ಸಲಕ್ಕೆ ಎರಡೇ ಹಿಟ್. ಸಂಜೆ ನನ್ನ ಪಕ್ಕ ಕೂತು ನೋಡುವ ಗೆಳೆಯನದು ದಾವಣಗೆರೆ ಎಪಿಎಂಸಿಯಲ್ಲಿ ದಲಾಲಿ ಅಂಗಡಿ. "ಲೇ, ಮಾರಿಬಿಡಲೇ ಅವನ್ನ. ಆ ಇನ್ನೊಂದು ತಂಡದೋರು ಚೆಂಡೆಸೆಯೋ ಪಿಚರ್ ಕೊಡ್ತೀವಿ ಅಂತಿದಾರಲ್ಲ" ಅಂದ.

"ತೇವ ಆರದ ಮೆಕ್ಕೆಜೋಳಾನ ನೀನು ಪೂರಾ ರೇಟಿಗೆ ತಗಂತೀಯೇನಲೇ?" ಅಂದೆ. ಅವನಿಗೆ ತಕ್ಷಣ ಅರ್ಥವಾಯಿತು. ಅಂಕಿ ಬಿದ್ದ ಹುಡುಗನಿಗೆ ಗೇಮಿನ ತಂಡಗಳೂ ಒಳ್ಳೆ ಬೆಲೆ ಕಟ್ಟುವುದಿಲ್ಲ.

ಅಲ್ಲಿಯವರೆಗೆ ಅದೃಷ್ಟ ಸರಿಯಿಲ್ಲ ಅಂದುಕೊಂಡಿದ್ದೆ. ಆ ರಾತ್ರಿ ಪೆನ್ನು ಹಿಡಿದು ಕೂತೆ. 220 ಅಟ್ ಬ್ಯಾಟ್ (ಸರಾಸರಿಯ ಲೆಕ್ಕಕ್ಕೆ ಬರುವ ಬ್ಯಾಟಿಂಗ್ ಸರದಿ), 44 ಹಿಟ್ (ಹೊಡೆದು ಬೇಸ್ ಮುಟ್ಟಿದ್ದು), ಅದರಲ್ಲಿ 4 ಹೋಮ್ ರನ್ (ಬೇಲಿ ದಾಟಿದ ಹೊಡೆತ), 74 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಔಟ್), 2 ಸ್ಯಾಕ್ರಿಫೈಸ್ ಫ್ಲೈ (ತಾನು ಕ್ಯಾಚ್ ಔಟಾಗಿ ಜೊತೆಯವನಿಗೆ ರನ್ ಕೊಡಿಸಿದ್ದು, ಇದು ಅಟ್ ಬ್ಯಾಟ್‌ಗೆ ಸೇರುವುದಿಲ್ಲ). ಹೋಮ್ ರನ್, ಸ್ಟ್ರೈಕ್‌ಔಟ್ ಕಳೆದು, ಆ ಎರಡು ಫ್ಲೈ ಸೇರಿಸಿದರೆ ಮೈದಾನದೊಳಗೆ ಬಿದ್ದ ಚೆಂಡು 144. ಅದರಲ್ಲಿ 40 ಹಿಟ್, ಅಂದರೆ .278. ಈ ಅಂಕಿ ಸಾಮಾನ್ಯವಾಗಿ .300ರ ಆಸುಪಾಸಿನಲ್ಲಿರುತ್ತದೆ, ತೀರಾ ಕೆಳಗಿದ್ದರೆ ಅದೃಷ್ಟ ಕೈಕೊಟ್ಟಿರಬಹುದು. ಅದೃಷ್ಟ ನೆಟ್ಟಗಿದ್ದರೂ ಇನ್ನು ಮೂರು ಹಿಟ್ ಸಿಗುತ್ತಿತ್ತು, ಸರಾಸರಿ .214 ಆಗುತ್ತಿತ್ತು. ಅಷ್ಟೇ! ರೋಗ ಇದ್ದದ್ದು ಆ 74ರಲ್ಲಿ. ಆ ಮಟ್ಟದ ಪಿಚರ್‌ಗಳ ಚೆಂಡು ಅವನ ಬ್ಯಾಟಿಗೆ ತಾಗುತ್ತಲೇ ಇರಲಿಲ್ಲ.

ಇನ್ನೊಂದು ತಪ್ಪೂ ನನ್ನದೇ. ಅಲ್ಲಿ ಹಳಬನೊಬ್ಬ ಶಾರ್ಟ್‌ಸ್ಟಾಪ್ ಇದ್ದುದರಿಂದ ಹುಡುಗನಿಗೆ ವಾರದಲ್ಲಿ ನಾಲ್ಕೇ ಆಟ ಸಿಗುತ್ತಿತ್ತು. ಬೆಂಚಿನ ಮೇಲೆ ಕೂತವನು ಬೆಳೆಯುವುದು ಹೇಗೆ?

ಮರುದಿನವೇ ಡಬಲ್ ಎಗೆ ಇಳಿಸಿದೆ. ಮೇಜರ್ ಲೀಗ್ ತಂಡದ 40 ಜನರ ಪಟ್ಟಿಗೆ ಅವನನ್ನು ಇನ್ನೂ ಸೇರಿಸಿರಲಿಲ್ಲ, ಅದು ಒಳ್ಳೆಯದಾಯಿತು. ಸೇರಿಸಿದ್ದರೆ ಹೀಗೆ ಇಳಿಸಿದ ವರ್ಷವೂ ಲೆಕ್ಕಕ್ಕೆ ಬರುತ್ತಿತ್ತು, ಪಟ್ಟಿಯಲ್ಲಿರುವವನನ್ನು ಕೆಳಗಿನ ಮಟ್ಟಕ್ಕೆ ಕಳಿಸಲು ಸಾಮಾನ್ಯವಾಗಿ ಇರುವುದು ಮೂರೇ ವರ್ಷ, ಅದಕ್ಕೆ ಆಪ್ಷನ್ ವರ್ಷ ಅನ್ನುತ್ತಾರೆ. ಲೈನಪ್‌ನಲ್ಲಿ ಎರಡನೇ ಸ್ಥಾನಕ್ಕೆ ಹಾಕಿ, ದಿನಾ ಆಡುವಂತೆ ಕಟ್ಟು ಮಾಡಿದೆ. ಅಲ್ಲಿನ ಬ್ಯಾಟಿಂಗ್ ಕೋಚ್ ಸುಮಾರಾಗಿದ್ದ, ಅವನನ್ನು ಬದಲಾಯಿಸಿದೆ. ಹುಡುಗನ ವರ್ಕ್ ಎಥಿಕ್ ಹೆಚ್ಚು ಅಂತ ವರದಿ ಇತ್ತು. ಅದು ಕಡಿಮೆ ಇದ್ದಿದ್ದರೆ ಬಹುಶಃ ಗೆಳೆಯನ ಮಾತು ಕೇಳುತ್ತಿದ್ದೆ.

ನಮ್ಮೂರಿನ ವಿನಯ್ ಕುಮಾರ್ ರಣಜಿಗೆ ಇಳಿದದ್ದು 2004–05ರಲ್ಲಿ, ಭಾರತಕ್ಕೆ ಆಡಿದ್ದು 2010ರಲ್ಲಿ. ಹೈಸ್ಕೂಲ್ ಮೈದಾನದಲ್ಲಿ ಕೂತು ಆ ವರ್ಷಗಳ ಬಗ್ಗೆ ಎಷ್ಟು ಸಲ ಮಾತಾಡಿದ್ದೇವೋ. ಅಂಥ ಊರಿನವನಾಗಿ ನಾನು ಆರು ವಾರಕ್ಕೇ ಅವಸರ ಮಾಡಿದ್ದು ಈಗಲೂ ಬೇಸರ ತರಿಸುತ್ತದೆ.

ಸೀಸನ್ ಮುಗಿಯುವ ಹೊತ್ತಿಗೆ, ನೂರು ಸಲ ಬ್ಯಾಟ್ ಹಿಡಿದರೆ (ಅಟ್ ಬ್ಯಾಟ್‌ಗೆ ಸೇರದ ಸರದಿಗಳೂ ಸೇರಿ) 31 ಇದ್ದ ಸ್ಟ್ರೈಕ್‌ಔಟ್ 24ಕ್ಕೆ ಇಳಿಯಿತು. ಸರಾಸರಿ .251. ಸ್ಕೌಟ್ ಮಾತ್ರ ಪೊಟೆನ್ಷಿಯಲ್ ಅನ್ನು 55ಕ್ಕೆ ಇಳಿಸಿದ್ದಾನೆ. ಅದು ಅವನ ಅಂದಾಜು, ತಪ್ಪಿರಲೂಬಹುದು. 55ರ ಶಾರ್ಟ್‌ಸ್ಟಾಪ್ ಸಿಕ್ಕರೂ ನನಗೆ ಸಂತೋಷವೇ. ಬರುವ ಏಪ್ರಿಲ್‌ನಲ್ಲೂ ಅವನು ಡಬಲ್ ಎಯಲ್ಲೇ ಆಡುತ್ತಾನೆ. ಎರಡು ತಿಂಗಳು ಸತತವಾಗಿ ಸ್ಟ್ರೈಕ್‌ಔಟ್ 22ರ ಒಳಗೆ ನಿಂತರೆ ಮೇಲಕ್ಕೆ ಕರೆಯುತ್ತೇನೆ. ಟ್ರಿಪಲ್ ಎಯ ಆ ಹಳಬನನ್ನು ಈಗಾಗಲೇ ಬಿಟ್ಟುಕೊಟ್ಟಿದ್ದೇನೆ.