ಹಳೇ ಕಾರಿಗೆ ಯಾವ ಆಯಿಲ್? ಮೊದಲು ಮುಚ್ಚಳ ತೆಗೆದು ನೋಡಿ

ಸೆಕೆಂಡ್ ಹ್ಯಾಂಡ್ ಕಾರು ತಗೊಂಡವರು ಎಂಜಿನ್ ಆಯಿಲ್ ಸಿಂಥೆಟಿಕ್ಕಾ (ರಾಸಾಯನಿಕವಾಗಿ ತಯಾರಿಸಿದ್ದು), ಮಿನರಲ್ಲಾ (ಕಚ್ಚಾ ತೈಲ ಶುದ್ಧ ಮಾಡಿದ್ದು) ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಮೊದಲು ಎಂಜಿನ್ ಮೇಲಿನ ಆಯಿಲ್ ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು ಒಳಗೆ ನೋಡಿ. ಗ್ರೀಸಿನಂಥ ಕರಿ ಜಿಡ್ಡು ಕಟ್ಟಿದ್ದರೆ, ಹಿಂದಿನವರು ಆಯಿಲ್ ಸರಿಯಾಗಿ ಬದಲಿಸಿರಲಿಕ್ಕಿಲ್ಲ. ಈಗ ಹೊಸ ಆಯಿಲ್, ಫಿಲ್ಟರ್ ಹಾಕಿಸಿ, ಮುಂದಿನ ಸಲದ್ದೂ ಬೇಗ ಮಾಡಿಸಿ.

ಸಿಂಥೆಟಿಕ್ ಹಾಕಿದರೆ ಸೀಲ್ (ಆಯಿಲ್ ಸೋರದಂತೆ ತಡೆಯುವ ರಬ್ಬರ್ ಭಾಗ) ಹಾಳಾಗುತ್ತದೆ ಅನ್ನೋದು ಹಳೇ ಮಾತು. ಸೀಲ್ ಮೊದಲೇ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಯಾವ ಆಯಿಲ್ ಆದರೂ ಸೋರುತ್ತದೆ, ಅಲ್ವಾ? ಟರ್ಬೊ ಎಂಜಿನ್ (ಹೆಚ್ಚು ಗಾಳಿ ಒತ್ತಿ ತುಂಬಿ ಶಕ್ತಿ ಹೆಚ್ಚಿಸುವಂಥದ್ದು) ಆದರೆ ಸಿಂಥೆಟಿಕ್ಕೇ ಹಾಕಿ. ಅಲ್ಲಿ ಬಿಸಿ ಜಾಸ್ತಿ, ಮಿನರಲ್ ಬೇಗ ಕೆಡುತ್ತದೆ. ಕಾರಿನ ಕೈಪಿಡಿ ಮಿನರಲ್ ಸಾಕು ಅಂದಿದ್ದರೆ, ಹೊತ್ತಿಗೆ ಸರಿಯಾಗಿ ಬದಲಿಸುವವರಿಗೆ ಅದೇ ಸಾಕು. 5ಡಬ್ಲ್ಯೂ-30 ಥರದ ಗ್ರೇಡ್ (ಆಯಿಲ್ ಎಷ್ಟು ಗಟ್ಟಿ, ಎಷ್ಟು ತೆಳು ಅನ್ನೋ ಗುರುತು) ಮಾತ್ರ ಕೈಪಿಡಿಯಲ್ಲಿ ಇರುವುದನ್ನೇ ಕೇಳಿ ತಗೊಳ್ಳಿ.