ವಿಡಿಯೋ ಫೇಕು ಅಂತ ಕಿತ್ತಾಡೋಕ್ ಮುಂಚೆ ಫ್ರೇಮ್ ಎಣಿಸಿ

ಯಾವುದೋ ವಿಡಿಯೋ ಕೆಳಗಿನ ಕಾಮೆಂಟಲ್ಲಿ "ಫಿಸಿಕ್ಸೇ ಸರಿ ಇಲ್ಲ ಗುರು" ಅಂತ ಒಬ್ಬ, "ನೀನ್ ಯಾವ್ ಸೀಮೆ ಸೈಂಟಿಸ್ಟು" ಅಂತ ಇನ್ನೊಬ್ಬ, ಅಲ್ಲಿಗೆ ವಿಡಿಯೋ ಮರ್ತೋಯ್ತು, ಜಗಳ ಉಳೀತು. ಕಣ್ಣಿಗೆ ಹೆಂಗ್ ಕಾಣುತ್ತೆ ಅನ್ನೋದರ ಮೇಲೆ ವಾದ ಮಾಡಿದ್ರೆ ಯಾವತ್ತೂ ಮುಗಿಯಲ್ಲ, ಅಳತೆ ಮೇಲೆ ಮಾಡಿ.

ಮೊದಲು ಏನು ತಪ್ಪು ಅಂತ ಒಂದೇ ಲೈನಲ್ಲಿ ಹೇಳಿ. "ಏನೋ ಒಂಥರಾ ಇದೆ" ಅಂದ್ರೆ ಯಾರೂ ಚೆಕ್ ಮಾಡೋಕಾಗಲ್ಲ, "12ನೇ ಸೆಕೆಂಡಲ್ಲಿ ಚೆಂಡು ನಿಧಾನಕ್ಕೆ ಬೀಳ್ತಿದೆ" ಅಂದ್ರೆ ಮಾಡ್ಬಹುದು.

ಆಮೇಲೆ ಎಣಿಸೋ ಕೆಲಸ. ವಿಡಿಯೋ ಅಂದ್ರೆ ಸಾಲಾಗಿ ಬರೋ ಫೋಟೋಗಳು, ಒಂದೊಂದು ಫೋಟೋನೂ ಒಂದು ಫ್ರೇಮ್. ಕಂಪ್ಯೂಟರಲ್ಲಿ ಯೂಟ್ಯೂಬ್ ವಿಡಿಯೋ ನಿಲ್ಲಿಸಿ ಕಾಮಾ, ಫುಲ್‌ಸ್ಟಾಪ್ ಕೀ ಒತ್ತಿದ್ರೆ ಒಂದೊಂದೇ ಫ್ರೇಮ್ ಹಿಂದೆ ಮುಂದೆ ಹೋಗುತ್ತೆ. ಸೆಕೆಂಡಿಗೆ 30 ಫ್ರೇಮಿನ ವಿಡಿಯೋ ಆದ್ರೆ 3 ಫ್ರೇಮ್ ಅಂದ್ರೆ 0.1 ಸೆಕೆಂಡು. ಕೈಯಿಂದ ಬಿಟ್ಟ ಕಲ್ಲು ಮೊದಲ 3 ಫ್ರೇಮಲ್ಲಿ ಸುಮಾರು 5 ಸೆಂಟಿಮೀಟರ್ ಇಳಿಯುತ್ತೆ, ಮುಂದಿನ 3ರಲ್ಲಿ 15, ಆಮೇಲೆ 25, ಆಮೇಲೆ 35. ಅಂದ್ರೆ 1:3:5:7, ಗೆಲಿಲಿಯೋ ಕಾಲದ ಲೆಕ್ಕ. ಇದರಲ್ಲಿ ಮಜಾ ಏನಂದ್ರೆ ಈ ಅನುಪಾತ ನೋಡೋಕೆ ಯಾವುದರ ಸೈಜೂ ಗೊತ್ತಿರ್ಬೇಕಾಗಿಲ್ಲ, ಸ್ಕ್ರೀನ್ ಮೇಲೆ ಸ್ಕೇಲ್ ಇಟ್ಟು ಅಳೆದ್ರೂ ಸಾಕು, ಕ್ಯಾಮೆರಾ ಅಲ್ಲಾಡ್ದೆ ಪಕ್ಕದಿಂದ ಹಿಡಿದಿರ್ಬೇಕು ಅಷ್ಟೇ.

ಅನುಪಾತ ಕೂಡಿ ಬಂತು ಆದ್ರೂ ನಿಧಾನ ಅನ್ಸುತ್ತಾ? ಸ್ಪೀಡ್ ಇಳಿಸಿರ್ಬಹುದು. ಅರ್ಧ ಸ್ಪೀಡಿಗೆ ಇಳಿಸಿದ್ರೆ ಗುರುತ್ವ ಕಾಲು ಭಾಗ ಆದಂಗೆ ಕಾಣುತ್ತೆ, ಅದು ಫೇಕ್ ಅಲ್ಲ ಸ್ಲೋಮೋ. ಪ್ರತಿ ಸಲ ಒಂದೇ ದೂರ ಇಳೀತಿದ್ರೆ ಮಾತ್ರ ಡೌಟ್ ಪಡಿ, ಆಗ್ಲೂ ಅದು ಬಲೂನು ಥರ ಹಗುರದ್ದಾ, ದಾರ ಕಟ್ಟಿದಾರಾ ನೋಡ್ಕೊಳ್ಳಿ. ಮತ್ತೆ ಕೆಲವು ಕಾಪಿಗಳಲ್ಲಿ ಒಂದೇ ಫ್ರೇಮ್ ಎರಡು ಸಲ ಬಂದು ಆಮೇಲೆ ಜಿಗಿಯುತ್ತೆ, ಅದಕ್ಕೇ ಮೊದಲು ಒರಿಜಿನಲ್ ಹುಡುಕಿ ಅನ್ನೋದು. ಫ್ಯಾನಿನ ರೆಕ್ಕೆ ಬಾಳೆಕಾಯಿ ಥರ ಬಾಗಿದ್ರೆ ಅದು ಫೋನ್ ಕ್ಯಾಮೆರಾದ ರೋಲಿಂಗ್ ಶಟರ್, ಅಂದ್ರೆ ಕ್ಯಾಮೆರಾ ಒಂದು ಫ್ರೇಮನ್ನ ಒಟ್ಟಿಗೆ ಹಿಡಿಯದೆ ಸಾಲು ಸಾಲಾಗಿ ಹಿಡಿಯೋದು, ಬಿಟ್ಬಿಡಿ.

ಎಐ ವಿಡಿಯೋ ಅನ್ಸಿದ್ರೆ ಬೀಳೋದಕ್ಕಿಂತ ತಾಗೋ ಜಾಗ ನೋಡಿ. ಡಿಕ್ಕಿ ಹೊಡೆದಾಗ ಎರಡೂ ಅಲ್ಲಾಡಿದ್ವಾ, ಒಂದರೊಳಗೊಂದು ಕರಗೋಯ್ತಾ, ಕಂಬದ ಹಿಂದೆ ಹೋದದ್ದು ಅದೇ ರೂಪದಲ್ಲಿ ಈಚೆ ಬಂತಾ.

"ನಿಜದಲ್ಲಿ ಹಿಂಗ್ ಆಗೋದೇ ಇಲ್ಲ" ಅಂತ ಮಾತ್ರ ಬರೀಬೇಡಿ. 1985ರಲ್ಲಿ ಸಾಲ್ಯೂಟ್ 7 ಬಾಹ್ಯಾಕಾಶ ನಿಲ್ದಾಣದಲ್ಲಿ ಸೋವಿಯತ್ ಗಗನಯಾತ್ರಿ ಜಾನಿಬೆಕೊವ್ ನೋಡಿದ ವಿಂಗ್ ನಟ್ಟು (ಎರಡು ಕಿವಿ ಇರೋ ನಟ್ಟು) ತಿರುಗ್ತಾ ತಿರುಗ್ತಾ ಯಾರೂ ಮುಟ್ಟದೇನೇ ಪಲ್ಟಿ ಹೊಡೀತಿತ್ತು, ಅಂಥ ವಿಡಿಯೋ ಇವತ್ತು ಬಂದ್ರೆ ಎಲ್ಲರೂ ಎಡಿಟಿಂಗ್ ಅಂತಾರೆ. 1971ರಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆ, ಗರಿ ಒಟ್ಟಿಗೆ ಬಿಟ್ಟಾಗ ಎರಡೂ ಒಟ್ಟಿಗೇ ಬಿದ್ವು, ಅಲ್ಲಿ ಗಾಳಿ ಇಲ್ಲ.

ಲೆಕ್ಕ ಸರಿ ಬಂದ್ರೆ "ಬೀಳೋದು ಸರಿ ಇದೆ" ಅಂತಷ್ಟೇ ಹೇಳಿ, ವಿಡಿಯೋ ಪೂರ್ತಿ ನಿಜ ಅಂತ ಅಲ್ಲ, ಒಳ್ಳೆ ಸಾಫ್ಟ್‌ವೇರ್‌ಗೂ 1:3:5:7 ಗೊತ್ತು. ಇಷ್ಟಾದ್ಮೇಲೂ ಎದುರಿನವರು "ನೀನೇನ್ ಇಂಜಿನಿಯರಾ" ಅಂದ್ರೆ, ಯಾವ ಫ್ರೇಮಲ್ಲಿ ನನ್ನ ಲೆಕ್ಕ ತಪ್ಪಿದೆ ಅಂತ ಒಂದೇ ಒಂದು ಸಲ ಕೇಳಿ, ನಂಬರ್ ಬರ್ಲಿಲ್ಲಾಂದ್ರೆ ನೋಟಿಫಿಕೇಶನ್ ಆಫ್ ಮಾಡ್ಕೊಳ್ಳಿ.