ಕೈವಾರ ಹಿಡಿದು ನೋಡಿದ ಮಡಿಕೇರಿ ಚರ್ಚು

ಮಡಿಕೇರಿ ಕೋಟೆಗೆ ಕಾಲಿಟ್ಟವರ ಕಣ್ಣು ಮೊದಲು ಬೀಳುವುದು ನಿಜಗಾತ್ರದ ಗಾರೆ ಆನೆಗಳ ಮೇಲೆ. ನಮ್ಮ ಮಕ್ಕಳೂ ಅತ್ತಲೇ ಓಡಿದರು. ಫೋಟೊ ಶಾಸ್ತ್ರ ಮುಗಿದ ಮೇಲೆಯೇ ಅವರನ್ನು ಸೇಂಟ್ ಮಾರ್ಕ್ಸ್ ಚರ್ಚಿನ ಮುಂದೆ ಕೂರಿಸಲು ಆಗಿದ್ದು. ನಾನು ತೀರ್ಥಹಳ್ಳಿ ಕಡೆಯ ಡ್ರಾಯಿಂಗ್ ಮೇಷ್ಟ್ರು. ಹಳೇ ಕಟ್ಟಡ ನೋಡುವುದು ಅಂದರೆ ನನ್ನ ಪಾಲಿಗೆ ಅದನ್ನು ಬಿಡಿಸುವುದು. ಫೋಟೊದಲ್ಲಿ ಕಮಾನು ಚೂಪಾಗಿದೆ ಎಂದಷ್ಟೇ ಕಾಣುತ್ತದೆ. ಬಿಡಿಸಲು ಕೂತರೆ ಎಷ್ಟು ಚೂಪು, ಯಾಕೆ ಚೂಪು ಎಂದು ಕೇಳಿಕೊಳ್ಳದೆ ಗತ್ಯಂತರವಿಲ್ಲ.

ಮೊದಲು ಕಿಟಕಿಯ ಅಗಲಕ್ಕೆ ಒಂದು ಅಡ್ಡಗೆರೆ ಎಳೆಸಿದೆ. ಕೈವಾರವನ್ನು ಅಷ್ಟೇ ಅಗಲಕ್ಕೆ ತೆರೆದು, ಮುಳ್ಳನ್ನು ಎಡತುದಿಗೆ ಊರಿ ಬಲತುದಿಯಿಂದ ಮೇಲಕ್ಕೊಂದು ಕಂಸ. ಬಲತುದಿಗೆ ಊರಿ ಎಡದಿಂದ ಇನ್ನೊಂದು. ಎರಡೂ ಕೂಡಿದಲ್ಲಿ ಗಾಥಿಕ್, ಅಂದರೆ ಯುರೋಪಿನ ಹಳೇ ಚರ್ಚುಗಳ ಚೂಪು ಶೈಲಿಯ, ಕಮಾನಿನ ತುದಿ. ಮುಳ್ಳನ್ನು ಅದೇ ಗೆರೆಯ ಮೇಲೆ ಇನ್ನೂ ಆಚೆಗೆ ಸರಿಸಿ ಕೈವಾರ ಅಗಲಿಸಿದರೆ ಕಮಾನು ಇನ್ನಷ್ಟು ನೀಳ. ಅರ್ಧವೃತ್ತದ ಕಮಾನಿಗೆ ಈ ಅವಕಾಶವಿಲ್ಲ, ಅದರ ಎತ್ತರ ಯಾವತ್ತೂ ಅಗಲದ ಅರ್ಧ. ಕಮಾನು ನೀಳವಾದಷ್ಟೂ ಭಾರ ಪಕ್ಕಕ್ಕೆ ತಳ್ಳುವುದು ಕಡಿಮೆ, ನೇರ ಕೆಳಕ್ಕೆ ಇಳಿಯುವುದು ಜಾಸ್ತಿ. ಉದ್ದುದ್ದ ಕಿಟಕಿ ತೆರೆದು ಬಣ್ಣದ ಗಾಜು ಕೂರಿಸುವ ಧೈರ್ಯ ಗಾಥಿಕ್ ಕಟ್ಟಡದವರಿಗೆ ಬಂದದ್ದರ ಹಿಂದೆ ಈ ಲೆಕ್ಕವೂ ಇದೆ.

"ಸಾರ್, ನಮ್ಮೂರ ದರ್ಗಾದ ಬಾಗಿಲೂ ಹಿಂಗೇ ಇದ್ಯಲ್ಲ" ಎಂದ ಒಬ್ಬ ಹುಡುಗ. ಒಳ್ಳೇ ಕಣ್ಣು! ಕೈರೋದ ಇಬ್ನ್ ತುಲೂನ್ ಮಸೀದಿಯಲ್ಲಿ 9ನೇ ಶತಮಾನಕ್ಕೇ ಚೂಪು ಕಮಾನುಗಳಿವೆ. ಯುರೋಪಿನ ಗಾಥಿಕ್ ಶುರುವಾದದ್ದು 12ನೇ ಶತಮಾನದಲ್ಲಿ.

ಈ ಚರ್ಚಾದರೋ 1850ರ ದಶಕದ್ದು, ಹಳೆಯದರ ವೇಷ ತೊಟ್ಟ ಹೊಸದು. 1834ರಲ್ಲಿ ಇಂಗ್ಲಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತಮ್ಮದು ಮಾಡಿಕೊಂಡರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡ ಸುಟ್ಟುಹೋಯಿತು. ಮತ್ತೆ ಕಟ್ಟಿದ್ದು ಗಾಥಿಕ್ ಶೈಲಿಯಲ್ಲಿ. ಆ ಕಾಲದ ಆ ಅಭಿರುಚಿಯೇ ಸಾಹೇಬರ ಜೊತೆ ಘಟ್ಟ ಹತ್ತಿತು. ಚರ್ಚಿಗೆಂದು ಕೋಟೆಯೊಳಗಿನ ವೀರಭದ್ರ ಗುಡಿಯನ್ನು ತೆಗೆದರೆಂಬುದನ್ನೂ ಮಕ್ಕಳಿಗೆ ಹೇಳಿದೆ. ಕಟ್ಟಡ ಚಂದವಿದೆ ಅಂತ ಅದನ್ನು ಬಾಯಿಬಿಡದೆ ಇರುವುದು ನನಗೆ ಸರಿಕಾಣುವುದಿಲ್ಲ.

ಈಗ ಅಲ್ಲಿ ಪ್ರಾರ್ಥನೆ ನಡೆಯುವುದಿಲ್ಲ, ಸರ್ಕಾರದ ಮ್ಯೂಸಿಯಂ ಇದೆ. ಜಿನಮೂರ್ತಿಗಳು, ಹಳೇ ಆಯುಧಗಳು. ವಸ್ತುಗಳನ್ನು ನೋಡುವ ಗಡಿಬಿಡಿಯಲ್ಲಿ ಜನ ತಲೆ ಎತ್ತುವುದೇ ಇಲ್ಲ, ನೋಡಬೇಕಾದ ಅರ್ಧಭಾಗ ಇರುವುದು ಮೇಲೆ.

ನಮ್ಮಂತೆ ಬಿಡಿಸಲು ಹೋಗುವವರು ಸೋಮವಾರ ಬಿಟ್ಟು ಹೋಗಿ, ಅವತ್ತು ಮ್ಯೂಸಿಯಂಗೆ ರಜೆ. ತೀರ್ಥಹಳ್ಳಿ ಕಡೆಯಿಂದಾದರೆ ಘಟ್ಟ ಇಳಿದು ಸಂಪಾಜೆಯಲ್ಲಿ ಮತ್ತೆ ಹತ್ತುವ ಬದಲು ಸಕಲೇಶಪುರ, ಸೋಮವಾರಪೇಟೆ ದಾರಿ ಹಿಡಿಯಬಹುದು. ಮಳೆಗಾಲದಲ್ಲಿ ಪೆನ್ಸಿಲ್ ಒಂದೇ ಒಯ್ಯಿರಿ. ಮಡಿಕೇರಿಯ ಮಂಜಿನಲ್ಲಿ ವಾಟರ್‌ಕಲರ್ ಒಣಗುವುದಕ್ಕೆ ಕಾಯುತ್ತ ಕೂತರೆ ವಾಪಸ್ ಬಸ್ಸು ತಪ್ಪುತ್ತದೆ.